ನಕ್ಷೆ ಕಳಿಸುವ ಮುನ್ನ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಪ್ರತಿ ವರ್ಷ ನೀವು ಎಸ್ಸೆಸ್ಸೆಲ್ಸಿ ಫಲಿತಾಂಶ, ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ಕೇಳುತ್ತ ಬಂದಿದ್ದೀರಿ. ಈ ಸಲ ನನಗೆ ಕೊಟ್ಟ ವಿಷಯ ಸ್ವಲ್ಪ ಬೇರೆ. ಲೇಸರ್ ಮತ್ತು ಸಿ.ಎನ್.ಸಿ. ಯಂತ್ರಗಳಿಗೆ ಬೇಕಾದ ವಿನ್ಯಾಸದ ಕಡತವನ್ನು, ಅಂದರೆ ಫೈಲನ್ನು, ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕು, ಇನ್ನೊಬ್ಬರಿಗೆ ಹೇಗೆ ಕೊಡಬೇಕು ಎಂಬುದು. ನಾನು ಇಂಜಿನಿಯರ್ ಅಲ್ಲ. ಬಿ.ಎಡ್. ಮುಗಿಸಿ ಉರ್ದು, ಕನ್ನಡ ಎರಡನ್ನೂ ಕಲಿಸುವ ಮಾಸ್ತರ. ಹಾಗಿದ್ದೂ ನನ್ನನ್ನೇ ಕರೆದಿದ್ದೇಕೆಂದರೆ, ಈ ಯಂತ್ರಗಳ ಸಹವಾಸದಲ್ಲಿ ಹೆಚ್ಚು ಸಲ ನಷ್ಟ ಮಾಡಿಕೊಂಡವನು ನಮ್ಮಲ್ಲಿ ನಾನೇ. ಆ ನಷ್ಟದ ಮುಕ್ಕಾಲು ಪಾಲು ಅಕ್ಷರಕ್ಕೆ ಸಂಬಂಧಿಸಿದ್ದು, ಅಕ್ಷರ ನನ್ನ ಕಸುಬು.

ಮೊದಲನೆಯ ನಷ್ಟದಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ನಾಮಫಲಕ ಮಾಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೇಲೆ ಕನ್ನಡ, ನಡುವೆ ಉರ್ದು, ಕೆಳಗೆ ಇಂಗ್ಲಿಷ್. ಬಂಗಾರದ ಬಣ್ಣದ ಅಕ್ರಿಲಿಕ್ ಹಾಳೆಯಲ್ಲಿ ಅಕ್ಷರ ಕೊರೆಸಿ ಅಂಟಿಸುವುದು ಎಂದು ತೀರ್ಮಾನವಾಯಿತು. ಕನ್ನಡವನ್ನು ನುಡಿಯಲ್ಲಿ ಟೈಪ್ ಮಾಡಿದೆ, ಉರ್ದುವನ್ನು ಹೊಸದೊಂದು ನಸ್ತಾಲೀಖ್ ಫಾಂಟಿನಲ್ಲಿ ಮಾಡಿದೆ, ಎರಡನ್ನೂ ಕೋರೆಲ್ ಡ್ರಾದಲ್ಲಿ ಚಂದವಾಗಿ ಜೋಡಿಸಿ ದೊಡ್ಡ ಊರಿನ ಒಂದು ಲೇಸರ್ ಅಂಗಡಿಗೆ ಕಳಿಸಿಕೊಟ್ಟೆ. ಮರುದಿನ ಫೋನ್ ಬಂತು. "ಸರ್, ಕನ್ನಡದ ಜಾಗದಾಗ ಎ ಬಿ ಸಿ ಡಿ ಬಂದಾವಲ್ರಿ, ಹಿಂಗೇ ಕೊರೀಬೇಕೇನ್ರಿ?" ಕನ್ನಡ ಮ್ಯಾಟರನ್ನು ವಾಟ್ಸಾಪಿನಲ್ಲಿ ಮತ್ತೆ ಕಳಿಸಿದೆ, ಅವರೇ ಟೈಪ್ ಮಾಡಿಕೊಂಡರು. ಉರ್ದು ಬಗ್ಗೆ ಅವರು ಕೇಳಲಿಲ್ಲ. ಅವರ ಕಣ್ಣಿಗೆ ಅದು ಉರ್ದುವಿನಂತೆಯೇ ಕಾಣುತ್ತಿತ್ತು. ಆದರೆ ಅವರ ಹಳೆಯ ಸಾಫ್ಟ್‌ವೇರ್ ಕೂಡಿಕೊಂಡು ಹರಿಯಬೇಕಾದ ಅಕ್ಷರಗಳನ್ನು ಬಿಡಿಬಿಡಿಯಾಗಿ ಒಡೆದು, ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿತ್ತು. ನಾಮಫಲಕ ಬಂದ ದಿನ ಒಬ್ಬ ಹಿರಿಯರು ಅದನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಮಾಸ್ಟರ್ ಸಾಬ್, ಇದು ಯಾವ ಭಾಷೆ?" ಎಂದು ಕೇಳಿದರು. ಆ ಸಾಲನ್ನು ಕಿತ್ತು ಮತ್ತೆ ಕೊರೆಸಿದ ಖರ್ಚು ನನ್ನ ಜೇಬಿನಿಂದಲೇ ಹೋಯಿತು.

ತಪ್ಪು ಅಂಗಡಿಯವರದಲ್ಲ, ನನ್ನದು. ನಾನು ಕಳಿಸಿದ್ದು ಅಕ್ಷರದ ಆಕಾರವನ್ನಲ್ಲ, ಅಕ್ಷರದ ಹೆಸರನ್ನು. ಈ ವ್ಯತ್ಯಾಸ ಗೊತ್ತಾದರೆ ಇವತ್ತಿನ ವಿಷಯದ ಅರ್ಧ ಗೊತ್ತಾದಂತೆ.

ನಿಮ್ಮ ಮನೆಗಳಲ್ಲಿ ಅಕ್ಕತಂಗಿಯರು ಆರಿ ಅಥವಾ ಜರ್ದೋಜಿ ಕೆಲಸ ಮಾಡುವುದನ್ನು ನೋಡಿದ್ದೀರಿ. ಬಟ್ಟೆಯ ಮೇಲೆ ನೇರವಾಗಿ ಬರೆಯುವುದಿಲ್ಲ. ಮೊದಲು ಖಾಕಾ ಮಾಡುತ್ತಾರೆ. ತೆಳು ಕಾಗದದ ಮೇಲೆ ಬಳ್ಳಿ, ಹೂವು ಬರೆದು, ಆ ಗೆರೆಯ ಉದ್ದಕ್ಕೂ ಸೂಜಿಯಿಂದ ರಂಧ್ರ ಚುಚ್ಚಿ, ಬಟ್ಟೆಯ ಮೇಲಿಟ್ಟು ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಉಜ್ಜುತ್ತಾರೆ. ಗೆರೆ ಬಟ್ಟೆಗೆ ಇಳಿಯುತ್ತದೆ. ಒಂದೇ ಖಾಕಾ ಹತ್ತು ಮನೆ ತಿರುಗಿ ಬಂದರೂ ಹತ್ತೂ ಕಡೆ ಅದೇ ಬಳ್ಳಿ ಮೂಡುತ್ತದೆ. ಆ ಖಾಕಾದ ಮೊಬೈಲ್ ಫೋಟೊ ಕಳಿಸಿದರೆ ಮೂಡುವುದಿಲ್ಲ. ಫೋಟೊದಲ್ಲಿ ಗೆರೆ ಇಲ್ಲ, ಗೆರೆಯ ನೆರಳಿದೆ.

ಕಂಪ್ಯೂಟರಿನಲ್ಲೂ ಹೀಗೆಯೇ ಎರಡು ಜಾತಿ. ಜೆ.ಪಿ.ಜಿ., ಪಿ.ಎನ್.ಜಿ., ಬಿ.ಎಂ.ಪಿ. ಇವೆಲ್ಲ ಚುಕ್ಕಿ ಚಿತ್ರಗಳು. ಬಣ್ಣದ ಸಣ್ಣ ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿದ್ದು. ಮರದ ಮೇಲೆ ಫೋಟೊ ಸುಡಬೇಕೆಂದರೆ ಇವೇ ಬೇಕು. ಕೊರೆಯಬೇಕೆಂದರೆ ಇವು ಸಾಲವು. ಯಂತ್ರಕ್ಕೆ ಬೇಕಾದದ್ದು ಇಲ್ಲಿಂದ ಅಲ್ಲಿಗೆ ಹೋಗು, ಅಲ್ಲಿಂದ ಹೀಗೆ ಬಾಗು ಎಂಬ ದಾರಿ. ಆ ದಾರಿಯನ್ನು ಹಿಡಿದಿಡುವುದು ವೆಕ್ಟರ್ ಕಡತ, ನಾವು ಗೆರೆಯ ಕಡತ ಎನ್ನೋಣ. ಡಿ.ಎಕ್ಸ್.ಎಫ್., ಎಸ್.ವಿ.ಜಿ., ಸಿ.ಡಿ.ಆರ್., ಎ.ಐ. ಈ ಗುಂಪಿಗೆ ಸೇರಿದವು. ಪಿ.ಡಿ.ಎಫ್. ಎರಡೂ ಆಗಬಹುದು, ಅದನ್ನು ನಂಬಿ ಕೆಡಬೇಡಿ. ತೆರೆದು ಎಂಟು ಪಟ್ಟು ಹಿಗ್ಗಿಸಿ ನೋಡಿ. ಅಂಚು ಚೂರಿಯಿಂದ ಕೊಯ್ದಂತೆ ಇದ್ದರೆ ಗೆರೆ, ಮಸುಕಾಗಿ ಮೆಟ್ಟಿಲು ಮೆಟ್ಟಿಲು ಕಂಡರೆ ಒಳಗೆ ಕುಳಿತಿರುವುದು ಫೋಟೊ.

ಹಾಗಾದರೆ ಫೋಟೊವನ್ನು ಗೆರೆ ಮಾಡಲು ಬರುವುದಿಲ್ಲವೆ? ಬರುತ್ತದೆ, ಟ್ರೇಸ್ ಎಂಬ ಗುಂಡಿ ಎಲ್ಲ ಸಾಫ್ಟ್‌ವೇರಿನಲ್ಲೂ ಇದೆ. ನಮ್ಮ ಒಬ್ಬ ಹುಡುಗ ಸುರಪುರ ಶೈಲಿಯ ಒಂದು ಚಿತ್ರದ ಫೋಟೊ ತೆಗೆದು ಹಾಗೆಯೇ ಟ್ರೇಸ್ ಮಾಡಿ ಲೇಸರಿಗೆ ಕೊಟ್ಟ. ಆ ಚಿತ್ರಗಳ ಬೆಡಗೇ ಬಂಗಾರದ ರೇಕು ಮತ್ತು ಕೂದಲೆಳೆಯಂಥ ಗೆರೆ. ಯಂತ್ರ ಪ್ರತಿ ಗೆರೆಯ ಎರಡೂ ಅಂಚನ್ನು ಬೇರೆ ಬೇರೆ ದಾರಿ ಎಂದು ತಿಳಿದು ಎರಡೆರಡು ಸಲ ಕೊಯ್ಯಿತು. ಗೆರೆ ಇದ್ದ ಕಡೆಯೆಲ್ಲ ಸೀಳು ಬಿತ್ತು. ಕುಂಚದ ಗೆರೆಗೆ ದಪ್ಪವಿದೆ, ಯಂತ್ರದ ಗೆರೆಗೆ ದಪ್ಪವಿಲ್ಲ. ಟ್ರೇಸ್ ಮಾಡಿದ್ದನ್ನು ಹಾಗೆಯೇ ಕೊಡದೆ, ಅದನ್ನು ಕೆಳಗಿಟ್ಟುಕೊಂಡು ಮೇಲೆ ನೀವೇ ಹೊಸ ಗೆರೆ ಎಳೆಯಿರಿ. ಎರಡು ತಾಸು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಈಗ ಯಾವ ರೂಪ ಒಳ್ಳೆಯದು ಎಂಬ ಪ್ರಶ್ನೆ. ಡಿ.ಎಕ್ಸ್.ಎಫ್. ಹುಟ್ಟಿದ್ದು 1982ರಲ್ಲಿ, ಆಟೋಡೆಸ್ಕ್ ಕಂಪನಿಯ ಆಟೋಕ್ಯಾಡ್ ಜೊತೆಗೆ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ನಕ್ಷೆ ದಾಟಿಸುವುದಕ್ಕೆಂದೇ ಮಾಡಿದ್ದು. ಅಷ್ಟು ಹಳೆಯದಾದ್ದರಿಂದ ಲೇಸರ್ ಇರಲಿ, ರೌಟರ್ ಇರಲಿ, ಕಬ್ಬಿಣದ ತಗಡು ಕೊಯ್ಯುವ ಪ್ಲಾಸ್ಮಾ ಇರಲಿ, ಡಿ.ಎಕ್ಸ್.ಎಫ್. ಓದದ ಯಂತ್ರದ ಸಾಫ್ಟ್‌ವೇರ್ ಸಿಗುವುದು ಕಷ್ಟ. ಅದರ ಹಳೆಯ ಆವೃತ್ತಿಗಳಲ್ಲಿ ಒಂದು ಊನವಿದೆ: ಸಂಖ್ಯೆ ಇರುತ್ತದೆ, ಅಳತೆಯ ಮಾನ ಇರುವುದಿಲ್ಲ. 12 ಎಂದು ಬರೆದಿರುತ್ತದೆ. 12 ಇಂಚೋ 12 ಮಿಲಿಮೀಟರೋ ತೆರೆದವರು ಊಹಿಸಬೇಕು. ನಮ್ಮ ಬಡಗಿಗಳು ಇಂಚಿನಲ್ಲಿ, ಸೂತಿನಲ್ಲಿ ಮಾತಾಡುತ್ತಾರೆ, ಯಂತ್ರ ಮಿಲಿಮೀಟರಿನಲ್ಲಿ ಮಾತಾಡುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್. ಬಾಗಿಲ ಹಲಗೆಯ ಹೂವು ಬೆರಳ ತುದಿಯಷ್ಟಾಗಿ ಕುಳಿತರೆ ಕಾರಣ ಇದೇ. ಇನ್ನೊಂದು, ನಾಜೂಕಾದ ಬಾಗು ಗೆರೆಗಳನ್ನು ಕೆಲವು ಹಳೆಯ ಸಾಫ್ಟ್‌ವೇರುಗಳು ಡಿ.ಎಕ್ಸ್.ಎಫ್.ನಲ್ಲಿ ಓದಲಾರದೆ ಬಿಟ್ಟುಬಿಡುತ್ತವೆ ಅಥವಾ ನೂರಾರು ಸಣ್ಣ ನೇರ ಗೆರೆಗಳಾಗಿ ಒಡೆಯುತ್ತವೆ. ನಸ್ತಾಲೀಖ್ ಬರಹಕ್ಕೆ ಇದು ದೊಡ್ಡ ಏಟು. ಆ ಲಿಪಿಯಲ್ಲಿ ನೇರ ಗೆರೆ ಎಂಬುದು ಕಡಿಮೆ.

ಎಸ್.ವಿ.ಜಿ. 2001ರಲ್ಲಿ ಅಂತರ್ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಪ್ಪಿಕೊಂಡ ರೂಪ. ಯಾವ ಕಂಪನಿಯ ಸೊತ್ತೂ ಅಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಅಕ್ಷರಗಳಲ್ಲಿ ಓದಬಹುದು. ಬಾಗು ಗೆರೆ ಬಾಗಾಗಿಯೇ ಉಳಿಯುತ್ತದೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದ ತಾಯಿಭಾಷೆಯೇ ಇದು. 2003ರಿಂದ ಅದು ಬೆಳೆಯುತ್ತ ಬಂದಿದೆ. ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ವೈರಸ್ ತಗುಲಿಸಿಕೊಳ್ಳುವುದಕ್ಕಿಂತ ವಿದ್ಯಾರ್ಥಿಗಳಿಗೆ ಇದು ಸಾಕು ಎಂಬುದು ನನ್ನ ಅಭಿಪ್ರಾಯ. ಕೋರೆಲ್‌ನಲ್ಲಿ ಕೈ ಪಳಗಿದವರು ಒಪ್ಪುವುದಿಲ್ಲ, ಅದು ಬೇರೆ ಮಾತು. ಎಸ್.ವಿ.ಜಿ.ಗೂ ಒಂದು ಅಳತೆಯ ತಕರಾರಿದೆ. ಅಳತೆಯನ್ನು ಪಿಕ್ಸೆಲ್‌ನಲ್ಲಿ ಬರೆದಿದ್ದರೆ, ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದರಲ್ಲಿ ಒಮ್ಮತವಿಲ್ಲ. ಇಲಸ್ಟ್ರೇಟರ್ 72 ಎನ್ನುತ್ತದೆ, ಹಳೆಯ ಇಂಕ್‌ಸ್ಕೇಪ್ 90 ಎನ್ನುತ್ತಿತ್ತು, 2017ರಲ್ಲಿ ಬಂದ 0.92ನೆಯ ಆವೃತ್ತಿಯಿಂದ 96 ಆಯಿತು. ಹೀಗಾಗಿ 300 ಮಿಲಿಮೀಟರಿನ ಫಲಕ ಇನ್ನೊಬ್ಬರ ಕಂಪ್ಯೂಟರಿನಲ್ಲಿ 225 ಆಗಬಹುದು, ಇಲ್ಲವೆ 281.25 ಆಗಬಹುದು. ಕಡತದ ಗುಣಲಕ್ಷಣಗಳಲ್ಲಿ ಮೊದಲೇ ಮಿಲಿಮೀಟರ್ ಎಂದು ಹಾಕಿ. ಅದರ ಜೊತೆಗೆ ನಾನು ಮಾಡುವ ಉಪಾಯ ಇಷ್ಟೇ: ವಿನ್ಯಾಸದ ಪಕ್ಕದಲ್ಲಿ 50 ಮಿಲಿಮೀಟರಿನ ಒಂದು ಚೌಕ ಬೇರೆ ಬಣ್ಣದಲ್ಲಿ ಬರೆದಿಡುತ್ತೇನೆ. ತೆರೆದವರು ಆ ಚೌಕ ಅಳೆಯುತ್ತಾರೆ, 50 ಇದ್ದರೆ ಮುಂದಕ್ಕೆ, ಇಲ್ಲದಿದ್ದರೆ ಫೋನ್.

ಸಿ.ಡಿ.ಆರ್. ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆಯ ಫ್ಲೆಕ್ಸ್, ಸ್ಟಿಕರ್, ಮದುವೆ ಕಾರ್ಡಿನ ಅಂಗಡಿಗಳು ನಡೆಯುವುದೇ ಕೋರೆಲ್ ಮೇಲೆ. ಹೊಸ ಆವೃತ್ತಿಯಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ ಎಂಬುದು ನೆನಪಿರಲಿ, ಉಳಿಸುವಾಗ ಆವೃತ್ತಿಯನ್ನು ಕೆಳಗಿಳಿಸಿ.

ಈಗ ಅಕ್ಷರಕ್ಕೆ ಬರೋಣ. ನಾವು ಮೂರು ಲಿಪಿಗಳ ನಡುವೆ ಬದುಕುವ ಜನ. 2024ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಅಂಗಡಿಮುಂಗಟ್ಟುಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಹಾಗಾಗಿ ಕನ್ನಡ ಅಕ್ಷರ ಕೊರೆಯುವ ಕೆಲಸ ಹೆಚ್ಚಿದೆ. ಯಾದಗಿರಿಗೆ ರೈಲಿದೆ, ಶಹಾಪುರ ಸುರಪುರದವರು ಬಸ್ಸಿನಲ್ಲೇ ಹೊರಗಿನ ಊರಿಗೆ ಹೋಗಿ ಇಂಥ ಕೆಲಸ ಮಾಡಿಸಿಕೊಂಡು ಬರಬೇಕು. ಇಲ್ಲೇ ಮಾಡಬಲ್ಲ ಹುಡುಗ ಹುಡುಗಿಯರಿದ್ದರೆ ಕೆಲಸ ಇಲ್ಲೇ ಉಳಿಯುತ್ತದೆ. ಅದರಲ್ಲೂ ಕನ್ನಡ, ಉರ್ದು ಎರಡನ್ನೂ ತಪ್ಪಿಲ್ಲದೆ ಓದಬಲ್ಲವರು ಯಂತ್ರದ ಮುಂದೆ ಕೂತಿರುವುದು ಅಪರೂಪ. ನಿಮ್ಮಲ್ಲಿ ಬಹಳ ಮಂದಿಗೆ ಎರಡೂ ಬರುತ್ತವೆ. ಅದು ನಿಮ್ಮ ಬಂಡವಾಳ.

ಆದರೆ ಈ ಎರಡೂ ಲಿಪಿಗಳು ಕಂಪ್ಯೂಟರಿಗೆ ಬಂದ ದಾರಿ ವಕ್ರ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಇವುಗಳ ಹಳೆಯ ಫಾಂಟುಗಳು ಮಾಡಿದ್ದೇನು? ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಅಂಗಿ ತೊಡಿಸಿದವು. ಒಳಗಿರುವುದು ಇಂಗ್ಲಿಷ್ ಸಂಕೇತ, ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತದೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಗಿ ಕಳಚುತ್ತದೆ. ನನಗೆ ಬಂದ ಆ ಫೋನ್ ಕರೆಯ ಗುಟ್ಟು ಇದೇ. ಉರ್ದುವಿನದು ಇನ್ನೂ ದೊಡ್ಡ ಕತೆ. ನಸ್ತಾಲೀಖ್‌ನಲ್ಲಿ ಅಕ್ಷರ ಪಕ್ಕದ ಅಕ್ಷರವನ್ನು ನೋಡಿ ಆಕಾರ ಬದಲಿಸುತ್ತದೆ, ಓರೆಯಾಗಿ ಕೆಳಗಿಳಿಯುತ್ತದೆ. 1980ರ ದಶಕದ ಆರಂಭದಲ್ಲಿ ಖುಷ್‌ನವೀಸ್ ಮಿರ್ಜಾ ಅಹ್ಮದ್ ಜಮೀಲ್ ಅವರು ಸಾವಿರಾರು ಜೋಡಿ ರೂಪಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದುಕೊಟ್ಟ ಮೇಲೆ ನೂರಿ ನಸ್ತಾಲೀಖ್ ಸಿದ್ಧವಾಯಿತು. 1994ರಲ್ಲಿ ಬಂದ ಇನ್‌ಪೇಜ್ ಅದನ್ನು ನಮ್ಮ ಡಿ.ಟಿ.ಪಿ. ಅಂಗಡಿಗಳಿಗೆ ತಂದಿತು. ಇನ್‌ಪೇಜಿನ ಕಡತ ಇನ್‌ಪೇಜಿನಲ್ಲಿ ಮಾತ್ರ ತೆರೆಯುತ್ತದೆ. ಇಂದು ಯುನಿಕೋಡ್ ಇದೆ. ನೋಟೊ ನಸ್ತಾಲೀಖ್ ಉರ್ದು, ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಇಂಥ ಫಾಂಟುಗಳು ಉಚಿತವಾಗಿ, ಹಂಚಿಕೊಳ್ಳುವ ಅನುಮತಿಯೊಂದಿಗೆ ಸಿಗುತ್ತವೆ. ಬಾಲೂ ತಮ್ಮ ದಪ್ಪ ಅಕ್ಷರವಾದ್ದರಿಂದ ಅಕ್ರಿಲಿಕ್ ಕೊರೆಯಲು ಬಹಳ ಅನುಕೂಲ, ಸಣ್ಣ ಕುತ್ತಿಗೆ ಮುರಿಯುವುದಿಲ್ಲ.

ಯಾವ ಫಾಂಟೇ ಆಗಿರಲಿ, ಕಳಿಸುವ ಮುನ್ನ ಅಕ್ಷರವನ್ನು ಗೆರೆಯಾಗಿ ಪರಿವರ್ತಿಸಬೇಕು. ಕೋರೆಲ್‌ನಲ್ಲಿ ಕನ್ವರ್ಟ್ ಟು ಕರ್ವ್ಸ್, ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾತ್. ಆಮೇಲೆ ಅದು ಫಾಂಟಿನ ಹಂಗು ತೊರೆಯುತ್ತದೆ, ಜಗತ್ತಿನ ಯಾವ ಮೂಲೆಯಲ್ಲಿ ತೆರೆದರೂ ಅದೇ ಆಕಾರ. ಆದರೆ ಆಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಆದ್ದರಿಂದ ಟೈಪ್ ಮಾಡಿದ ಮೂಲ ಕಡತವನ್ನು ನಿಮ್ಮ ಬಳಿ ಇಟ್ಟುಕೊಂಡು, ಗೆರೆಯಾದ ಪ್ರತಿಯನ್ನು ಮಾತ್ರ ಕಳಿಸಿ.

ಇಷ್ಟಕ್ಕೇ ನಿಲ್ಲಿಸಿ ನಾನು ಎರಡನೆಯ ನಷ್ಟ ಮಾಡಿಕೊಂಡೆ. ಉರ್ದುವಿನಲ್ಲಿ ಕೂಡಿದ ಅಕ್ಷರಗಳು ಕಣ್ಣಿಗೆ ಒಂದೇ ಎಂದು ಕಂಡರೂ ಒಳಗೆ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಕನ್ನಡದಲ್ಲೂ ಕೆಲವು ಫಾಂಟುಗಳಲ್ಲಿ ದೀರ್ಘ, ಒತ್ತು ಹೀಗೆಯೇ ಹತ್ತಿರುತ್ತವೆ. ಕಾಗದದ ಮೇಲೆ ಕಪ್ಪಿನ ಮೇಲೆ ಕಪ್ಪು, ಯಾರಿಗೂ ಕಾಣದು. ಲೇಸರ್ ಮಾತ್ರ ಪ್ರತಿ ಅಕ್ಷರದ ಪೂರ್ತಿ ಅಂಚನ್ನು ಸುತ್ತಿ ಕೊಯ್ಯುತ್ತದೆ, ಕೂಡಿದ ಜಾಗದಲ್ಲೇ ತುಂಡರಿಸುತ್ತದೆ. ಹಾಗಾಗಿ ಎಲ್ಲವನ್ನೂ ಆಯ್ದು ಒಂದುಗೂಡಿಸಬೇಕು. ಕೋರೆಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್. ಪರದೆಯನ್ನು ಬಾಹ್ಯರೇಖೆ ಮಾತ್ರ ತೋರಿಸುವ ಸ್ಥಿತಿಗೆ ತಂದು ನೋಡಿದರೆ ಯಂತ್ರ ಕಾಣುವುದನ್ನೇ ನೀವೂ ಕಾಣುತ್ತೀರಿ. ನಾನು ಈಗ ಈ ನೋಟ ನೋಡದೆ ಒಂದು ಕಡತವನ್ನೂ ಕಳಿಸುವುದಿಲ್ಲ.

ಅಕ್ಷರವನ್ನು ಹಲಗೆಯಿಂದ ಬಿಡಿಸಿ ತೆಗೆಯುವುದು ಒಂದು, ಹಲಗೆಯಲ್ಲೇ ಅಕ್ಷರದ ರಂಧ್ರ ಕೊರೆಯುವುದು ಇನ್ನೊಂದು. ಎರಡನೆಯದರಲ್ಲಿ ಠ ಅಕ್ಷರದ ನಡುವಿನ ಚುಕ್ಕಿ, ಥ ಅಕ್ಷರದ ಹೊಟ್ಟೆ ಎಲ್ಲ ಕೆಳಗೆ ಬಿದ್ದುಹೋಗುತ್ತವೆ. ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮೊದಲನೆಯದರಲ್ಲಿ ಉರ್ದುವಿನ ನುಖ್ತೆಗಳು, ಕನ್ನಡದ ಒತ್ತಕ್ಷರಗಳು ಬಿಡಿಯಾಗಿ ಉದುರುತ್ತವೆ. ಒಂದು ನುಖ್ತೆ ಕಳೆದರೆ ಅರ್ಥ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಇದಕ್ಕೆ ಉತ್ತರ ಯಂತ್ರ ಹುಟ್ಟುವ ಮೊದಲೇ ನಮ್ಮ ಸೀಮೆಯಲ್ಲಿತ್ತು. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಪ್ರವಾಸ ಹೋದವರು ಕಿಟಕಿಗಳನ್ನು ಸರಿಯಾಗಿ ನೋಡಿರಲಾರಿರಿ, ಸೆಲ್ಫಿಯಲ್ಲಿ ಇದ್ದಿರಿ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್ ಶಾಹಿಯ ಆ ಗೋರಿಕಟ್ಟಡದಲ್ಲಿ ಕಲ್ಲಿನ ಜಾಲಿಯೇ ಅರಬ್ಬಿ ಬರಹ. ಅಕ್ಷರಗಳ ನಡುವಿನ ಕಲ್ಲನ್ನು ತೆಗೆದಿದ್ದಾರೆ, ಅಕ್ಷರ ನಿಂತಿದೆ, ಬೆಳಕು ಅದರ ಸುತ್ತಿನಿಂದ ಬರುತ್ತದೆ. ಹಾಗೆ ನಿಲ್ಲಬೇಕಾದರೆ ಪ್ರತಿ ಅಕ್ಷರವೂ ಪಕ್ಕದ ಅಕ್ಷರವನ್ನೋ ಚೌಕಟ್ಟನ್ನೋ ಹಿಡಿದಿರಲೇಬೇಕು. ಬರೆದವನೂ ಕೊರೆದವನೂ ಕೂತು ಮಾತಾಡಿಕೊಳ್ಳದೆ ಅದು ಆಗುವಂಥದ್ದಲ್ಲ. ನಾವು ಸೇತುವೆ ಎಂದು ಕರೆಯುವ ಸಣ್ಣ ಪಟ್ಟಿಯನ್ನು ಅವರು ಬರಹದ ಸೌಂದರ್ಯದಲ್ಲೇ ಕರಗಿಸಿದ್ದಾರೆ. ಮುಂದಿನ ಸಲ ಹೋದಾಗ ಒಂದು ಕಿಟಕಿಯ ಮುಂದೆ ನಿಂತು, ಯಾವ ಗೆರೆ ಯಾವುದನ್ನು ಹಿಡಿದಿದೆ ಎಂದು ಬೆರಳಿಟ್ಟು ಹುಡುಕಿ.

ಸಿ.ಎನ್.ಸಿ. ಮರದ ಕೆತ್ತನೆ ಬೇರೆಯೇ ಲೋಕ. ಅಲ್ಲಿ ಉದ್ದ ಅಗಲದ ಜೊತೆ ಆಳವೂ ಇದೆ. ಗೆರೆಯ ಕಡತ ಸಾಲದು, ಉಬ್ಬು ತಗ್ಗು ಹಿಡಿಯುವ ಕಡತ ಬೇಕು. 1987ರಿಂದ ಬಂದಿರುವ ಎಸ್.ಟಿ.ಎಲ್. ಎಲ್ಲರೂ ಓದುವ ರೂಪ. ಮೇಲ್ಮೈಯನ್ನು ಸಣ್ಣ ತ್ರಿಕೋನಗಳಾಗಿ ಹೇಳುತ್ತದೆ, ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬಿನ ತ್ರೀಡಿ ಪ್ರಿಂಟರಿಗೆ ಕೊಡುವುದೂ ಇದನ್ನೇ. ಆದರೆ ನಮ್ಮ ದೇಶದ ಬಾಗಿಲು ಕೆತ್ತನೆಯ ಅಂಗಡಿಗಳಲ್ಲಿ ಪೆನ್‌ಡ್ರೈವ್ ತುಂಬ ಓಡಾಡುವುದು ಆರ್.ಎಲ್.ಎಫ್. ಅದು ಆರ್ಟ್‌ಕ್ಯಾಮ್ ಎಂಬ ಸಾಫ್ಟ್‌ವೇರಿನ ಸ್ವಂತ ರೂಪ. ಆ ಕಂಪನಿಯನ್ನು 2014ರಲ್ಲಿ ಆಟೋಡೆಸ್ಕ್ ಕೊಂಡಿತು, 2018ರಲ್ಲಿ ಆರ್ಟ್‌ಕ್ಯಾಮ್ ಮಾರಾಟವನ್ನೇ ನಿಲ್ಲಿಸಿತು. ಮುಂದೆ ಕಾರ್ವೆಕೊ ಎಂಬ ಹೆಸರಿನಲ್ಲಿ ಬೇರೆಯವರು ಅದನ್ನು ಮುಂದುವರಿಸಿದ್ದಾರೆ, ದುಡ್ಡು ಕಟ್ಟಬೇಕು. ಬೀಗ ಮಾಡಿದವನು ಅಂಗಡಿ ಮುಚ್ಚಿದರೆ ಪೆಟ್ಟಿಗೆಯೊಳಗಿನ ನಿಮ್ಮ ಸಾಮಾನು ಏನಾಗಬೇಕು? ಸ್ವಂತ ಕೆಲಸವನ್ನು ಆರ್.ಎಲ್.ಎಫ್.ನಲ್ಲಿ ಮಾತ್ರ ಇಟ್ಟುಕೊಂಡವರು ಇವತ್ತೇ ಎಸ್.ಟಿ.ಎಲ್. ಪ್ರತಿ ಒಂದು ಮಾಡಿಡಿ.

ಜಿ-ಕೋಡ್ ಹಂಚಬೇಡಿ ಎಂದೂ ಹೇಳಬೇಕು. ಅದು ನಕ್ಷೆಯಲ್ಲ, ಯಂತ್ರಕ್ಕೆ ಕೊಡುವ ಹುಕುಂ. ಈ ಬಿಟ್, ಈ ವೇಗ, ಈ ಆಳ ಎಂದು ಬರೆದಿರುತ್ತದೆ. 6 ಮಿಲಿಮೀಟರ್ ಬಿಟ್ಟಿಗಾಗಿ ಬರೆದದ್ದನ್ನು 3 ಮಿಲಿಮೀಟರ್ ಬಿಟ್ ಹಾಕಿದವನು ಓಡಿಸಿದರೆ ಬಿಟ್ ಮುರಿಯುತ್ತದೆ, ಮುರಿದ ತುಂಡು ಕಣ್ಣಿಗೆ ಹಾರಬಹುದು. ನಕ್ಷೆ ಕೊಡಿ, ಹುಕುಂ ಅವರವರ ಯಂತ್ರಕ್ಕೆ ಅವರೇ ಬರೆದುಕೊಳ್ಳಲಿ. ಲೇಸರ್ ವಿಷಯದಲ್ಲೂ ಒಂದು ಎಚ್ಚರಿಕೆ: ಉಳಿದ ಫ್ಲೆಕ್ಸ್ ತುಂಡು, ವಿನೈಲ್ ಸ್ಟಿಕರ್, ರೆಕ್ಸಿನ್ ಇದ್ದರೆ ಲೇಸರಿನಲ್ಲಿ ಕೊರೆಯುವ ಆಸೆ ಹುಟ್ಟುತ್ತದೆ. ಅವು ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಎದೆಗೂ ಕೆಡುಕು, ಯಂತ್ರಕ್ಕೂ ತುಕ್ಕು.

ಇನ್ನು ಕಳಿಸುವ ಬಗೆ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಕಡತದ ಹೆಸರು "ಫೈನಲ್", "ಫೈನಲ್ ಹೊಸದು" ಎಂದಿರದೆ ಏನು, ಎಷ್ಟು ದಪ್ಪದ ಯಾವ ಹಾಳೆ, ಯಾವ ತಾರೀಖು ಎಂದಿರಲಿ. ಕೊಯ್ಯುವ ಗೆರೆ ಕೆಂಪು, ಸುಡುವ ಭಾಗ ಕಪ್ಪು ಎಂದು ನೀವು ಅಂದುಕೊಂಡದ್ದನ್ನು ಎದುರಿನವರಿಗೂ ಬರೆದು ತಿಳಿಸಿ.

ಕಳಿಸುವುದರಲ್ಲಿ ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿದ್ದೇನೆ. ನಮ್ಮ ಮಾಮು, ಅಂದರೆ ತಾಯಿಯ ಅಣ್ಣ, ಬಡಗಿ. ಜೀವಮಾನವೆಲ್ಲ ಚೌಕಟ್ಟು, ಬಾಗಿಲು ಕೆತ್ತಿದವರು. ಅವರ ನಕ್ಷೆಗಳೆಲ್ಲ ಕಂದು ಕಾಗದದ ಸುರುಳಿಗಳಲ್ಲಿ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ. ಗೆದ್ದಲು ಹಿಡಿಯುತ್ತಿವೆ ಎಂದು ನಾನೇ ಒತ್ತಾಯ ಮಾಡಿ ಒಂದು ಬಳ್ಳಿಯ ನಕ್ಷೆ ಇಳಿಸಿಕೊಂಡೆ. ರಜೆಯಲ್ಲಿ ಕೂತು ಗೆರೆ ಗೆರೆ ಎಳೆದು ಡಿ.ಎಕ್ಸ್.ಎಫ್. ಮಾಡಿದೆ. ಬಹಳ ಚಂದ ಬಂತು. ಖುಷಿಯಲ್ಲಿ ಸಿ.ಎನ್.ಸಿ. ಆಸಕ್ತರ ಒಂದು ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಹೆಸರಿಲ್ಲ, ಊರಿಲ್ಲ, ಷರತ್ತಿಲ್ಲ. ನೂರಾರು ಜನ ಹೆಬ್ಬೆಟ್ಟು ತೋರಿಸಿದರು.

ಒಂದು ವರ್ಷದ ಮೇಲೆ ಮಾಮುವಿನ ಮೊಮ್ಮಗ ಸಾವಿರಾರು ಬಾಗಿಲ ನಕ್ಷೆಗಳಿವೆ ಎಂಬ ಒಂದು ಪೆನ್‌ಡ್ರೈವ್ ಕೊಂಡು ತಂದ. ಪರದೆಯ ಮೇಲೆ ಒಂದೊಂದಾಗಿ ಓಡಿಸುತ್ತಿದ್ದಾಗ ಮಾಮು "ತಡಿ, ಹಿಂದಕ್ಕ ಹೋಗು" ಎಂದರು. ಬಳ್ಳಿ ಇತ್ತು. ಮೂಲೆಯಲ್ಲಿ ಯಾವುದೋ ಅಂಗಡಿಯ ಹೆಸರು, ಫೋನ್ ನಂಬರು. ಇಂಥ ಬಳ್ಳಿಗಳು ಬಹಳ ಇರುತ್ತವೆ ಎಂದು ನಾನು ಹೇಳಲು ಹೋದೆ. ಮಾಮು ಬೆರಳಿಟ್ಟು ಎಡಗಡೆಯ ಮೂರನೆಯ ಎಲೆ ತೋರಿಸಿದರು. ಉಳಿದೆಲ್ಲ ಎಲೆಗಳು ಮೇಲಕ್ಕೆ ನೋಡುತ್ತಿದ್ದವು, ಅದೊಂದು ಕೆಳಕ್ಕೆ. "ಆ ಸಾಗವಾನಿ ಹಲಗಿಯಾಗ ಅಲ್ಲಿ ಗಂಟಿತ್ತು. ಉಳಿ ಹೋಗಲಿಲ್ಲ, ಎಲಿ ತಿರುವಿದೆ. ಗೆರಿ ನಂದು, ಹೆಸರು ಯಾರ್ದೊ ಅದ" ಎಂದರು. ಯಾರು ಕೊಟ್ಟರು ಎಂದು ಅವರು ಕೇಳಲಿಲ್ಲ. ನಾನು ಹೇಳಲು ಎರಡು ದಿನ ಬೇಕಾಯಿತು.

ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಓದಿದೆ. ನಾನು ವಕೀಲನಲ್ಲ, ತಿಳಿದಷ್ಟು ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೈಯಿಂದ ಬರೆದ ಚಿತ್ರ, ನಕ್ಷೆ ಕಲಾಕೃತಿಯೇ. ನೋಂದಣಿ ಇಲ್ಲದೆಯೂ ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಆದರೆ ಅದೇ ಕಾಯ್ದೆಯ 15ನೆಯ ಕಲಂ ಇನ್ನೊಂದು ಮಾತು ಹೇಳುತ್ತದೆ. ವಸ್ತುಗಳಿಗೆ ಬಳಸುವ ವಿನ್ಯಾಸ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದದ್ದಾಗಿದ್ದು, ನೋಂದಾಯಿಸದೆ ಬಿಟ್ಟಿದ್ದರೆ, ಹಕ್ಕುದಾರರೇ ಆಗಲಿ ಅವರ ಅನುಮತಿ ಪಡೆದವರೇ ಆಗಲಿ ಅದನ್ನು ಹಾಕಿದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದ ಕೂಡಲೇ ಆ ಹಕ್ಕು ಹೋಗುತ್ತದೆ. ಸಿ.ಎನ್.ಸಿ. ಯಂತ್ರಕ್ಕೆ 50 ದೊಡ್ಡ ಸಂಖ್ಯೆಯಲ್ಲ.

ಹಂಚಲೇಬೇಡಿ ಎಂದು ನಾನು ಹೇಳುವುದಿಲ್ಲ. ನನಗೆ ಇಂಕ್‌ಸ್ಕೇಪ್ ಕೊಟ್ಟವರು, ನಸ್ತಾಲೀಖ್ ಫಾಂಟ್ ಕೊಟ್ಟವರು ಹಂಚಿದ್ದರಿಂದಲೇ ನಾನು ಕಲಿತೆ. ಖಾಕಾ ಹತ್ತು ಮನೆ ತಿರುಗಿದ್ದರಿಂದಲೇ ಕಸೂತಿ ಉಳಿಯಿತು. ಆದರೆ ಆ ಹತ್ತು ಮನೆಗೂ ಖಾಕಾ ಯಾರದೆಂದು ಗೊತ್ತಿತ್ತು. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗಳು 2002ರಿಂದ ಇವೆ. ಹೆಸರು ಹೇಳಿ ಬಳಸಿ ಎನ್ನುವುದು ಒಂದು, ಹೆಸರು ಹೇಳಿ ಆದರೆ ವ್ಯಾಪಾರಕ್ಕೆ ಬೇಡ ಎನ್ನುವುದು ಇನ್ನೊಂದು. ಕಡತದ ಒಳಗೇ ಆ ಸಾಲನ್ನು ಬರೆಯಲು ಎಸ್.ವಿ.ಜಿ.ಯಲ್ಲಿ ಜಾಗವಿದೆ. ಕದಿಯುವವನು ಅಳಿಸುತ್ತಾನೆ, ನಿಜ. ಅಳಿಸದವರೂ ಇರುತ್ತಾರೆ, ಅವರಿಗಾಗಿ ಬರೆಯಿರಿ. ಮತ್ತು ಹಂಚುವ ಮೊದಲು ನಕ್ಷೆ ಬರೆದವರನ್ನು ಕೇಳಿ. ನಾನು ಮಾಡದೆ ಬಿಟ್ಟದ್ದು ಅದನ್ನೇ.

ಮಾಮು ಈಗಲೂ ಪೆಟ್ಟಿಗೆಯಿಂದ ಸುರುಳಿ ಕೊಡುತ್ತಾರೆ. ಒಂದು ಸಲಕ್ಕೆ ಒಂದೇ. ಪ್ರತಿ ನಕ್ಷೆಯ ಜೊತೆ ಮೊಮ್ಮಗ ಒಂದು ಸಣ್ಣ ಟಿಪ್ಪಣಿ ಕಡತ ಇಡುತ್ತಾನೆ: ಯಾರು ಬರೆದದ್ದು, ಯಾವ ಊರು, ಯಾವ ಮನೆಯ ಬಾಗಿಲಿಗೆ ಮೊದಲು ಕೆತ್ತಿದ್ದು, ಮಾರಲು ಒಪ್ಪಿಗೆ ಇದೆಯೋ ಇಲ್ಲವೋ. ಉರ್ದುವಿನಲ್ಲಿ ಮಾಮು ಹೇಳುತ್ತಾರೆ, ಕನ್ನಡದಲ್ಲಿ ಹುಡುಗ ಬರೆಯುತ್ತಾನೆ, ಕಾಗುಣಿತ ನಾನು ತಿದ್ದುತ್ತೇನೆ. ತಿರುಗಿದ ಎಲೆಯನ್ನು ನೇರ ಮಾಡೋಣವೆ ಎಂದು ಹುಡುಗ ಕೇಳಿದ. ಬೇಡ ಎಂದರು.

ಸಭೆಯಲ್ಲಿ ಕೊಟ್ಟ ಅಭ್ಯಾಸವನ್ನು ಓದುತ್ತಿರುವವರಿಗೂ ಕೊಡುತ್ತೇನೆ. ನಿಮ್ಮ ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಟೈಪ್ ಮಾಡಿ, 100 ಮಿಲಿಮೀಟರ್ ಅಗಲಕ್ಕೆ ಹಿಗ್ಗಿಸಿ. ಗೆರೆಯಾಗಿ ಪರಿವರ್ತಿಸಿ, ಒಂದುಗೂಡಿಸಿ. ನುಖ್ತೆ, ಒತ್ತಕ್ಷರ ಉದುರದಂತೆ ಯಾವುದಕ್ಕಾದರೂ ಹಿಡಿಸಿ. ಎಸ್.ವಿ.ಜಿ. ಒಂದು, ಡಿ.ಎಕ್ಸ್.ಎಫ್. ಒಂದು ಮಾಡಿ, ಬೇರೆ ಸಾಫ್ಟ್‌ವೇರ್ ಇರುವ ಗೆಳೆಯನಿಗೋ ಗೆಳತಿಗೋ ಕಳಿಸಿ, ಅಳೆಯಲು ಹೇಳಿ. 100 ಬಂದರೆ ಪೆನ್‌ಡ್ರೈವ್ ಹಿಡಿದು ನನ್ನ ಹತ್ತಿರ ಬನ್ನಿ, 3 ಮಿಲಿಮೀಟರಿನ ಎಂ.ಡಿ.ಎಫ್. ತುಂಡು ನಾನು ಕೊಡುತ್ತೇನೆ. 75 ಅಥವಾ 93.75 ಬಂದರೆ ಎಲ್ಲಿ ತಪ್ಪಿದೆ ಎಂದು ನಿಮಗೆ ಈಗ ಗೊತ್ತು. 3.9 ಬಂದರೂ ಗೊತ್ತಾಗಬೇಕು, ಲೆಕ್ಕ ಹಾಕಿ ನೋಡಿ.